ಎರಡು ಹಾಲಿನ ನಡುವಿನ ದೂರ

ಹೋದ ಸೋಮವಾರ ಬೆಳಗ್ಗೆ ಪಕ್ಕದ ಮನೆಯ ಶುಭಾ ಒಂದು ಬಟ್ಟಲು ಹುರುಳಿಕಟ್ಟಿನ ಸಾರು ತಂದುಕೊಟ್ಟಳು. ಅರಸೀಕೆರೆಯ ನಮ್ಮ ಬೀದಿಯಲ್ಲಿ ಯಾರೂ ಸುಮ್ಮನೆ ಏನನ್ನೂ ಕೇಳಲು ಬರುವುದಿಲ್ಲ. ಮೊದಲು ಸಾರು ಬರುತ್ತದೆ, ಆಮೇಲೆ ಪ್ರಶ್ನೆ. ಮುಚ್ಚಳ ತೆಗೆದು, ಬೆಳ್ಳುಳ್ಳಿ ಒಗ್ಗರಣೆಯ ಘಮ ನನ್ನ ಮೂಗಿಗೆ ಏರುವಷ್ಟು ಹೊತ್ತು ಕಾದು, ಅವಳು ಕೇಳಿದಳು:

“ಮಿಸ್, ಬೆಂಗಳೂರಿಂದ ಜೈಪುರಕ್ಕೆ ವಿಮಾನದಲ್ಲಿ ಎಷ್ಟು ಹೊತ್ತಾಗುತ್ತೆ?”

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟವಳು. ನಿವೃತ್ತಿಯಾದ ಮೇಲೆ ನನ್ನನ್ನು ಯಾರೂ ಏನೂ ಕೇಳುವುದಿಲ್ಲ, ಎಲ್ಲರ ಕೈಯಲ್ಲೂ ಫೋನಿದೆ. ಅಂಥಾದ್ದರಲ್ಲಿ ಹಳೇ ಶಿಷ್ಯೆಯೊಬ್ಬಳು ಬಾಗಿಲಿಗೇ ಬಂದು ದೂರ ಕೇಳಿದರೆ ಬಿಡುತ್ತೇನೆಯೇ? ಗೋಡೆಯ ಮೇಲಿದ್ದ ಭೂಪಟ ಇಳಿಸಿದೆ. ಹೊಲಿಗೆ ಡಬ್ಬದಿಂದ ದಾರ ತೆಗೆದೆ. ಒಂದು ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದನ್ನು ಜೈಪುರದ ಮೇಲೆ ಒತ್ತಿಹಿಡಿದು, ಆ ದಾರವನ್ನು ಪಟದ ಮೂಲೆಯ ಅಳತೆಪಟ್ಟಿಗೆ ತಂದು, ಕನ್ನಡಕ ಮೇಲೆ ಕೆಳಗೆ ಮಾಡಿ, ಕೊನೆಗೆ ತೀರ್ಪು ಕೊಟ್ಟೆ: “ಎರಡೂವರೆ ಗಂಟೆ. ಎದುರುಗಾಳಿ ಇದ್ದರೆ ಹತ್ತು ನಿಮಿಷ ಹೆಚ್ಚು.”

“ಹಂಗಾದ್ರೆ ಬೆಳಗ್ಗೆ ಹೋಗಿ ಸಾಯಂಕಾಲಕ್ಕೆ ವಾಪಸ್ ಬರಬಹುದಾ ಮಿಸ್?”

“ಧಾರಾಳವಾಗಿ!” ಎಂದೆ. ಪ್ರಪಂಚ ಎಷ್ಟು ಚಿಕ್ಕದಾಗಿದೆ ಎಂಬುದರ ಮೇಲೆ ಎರಡು ಮಾತು ಬೇರೆ ಸೇರಿಸಿದೆ.

ಅವಳು “ಸರಿ ಮಿಸ್” ಎಂದು ತಲೆ ತಗ್ಗಿಸಿಕೊಂಡು ಹೋದಳು. ಬಾಗಿಲು ದಾಟುವಾಗ ಸೆರಗಿನಿಂದ ಮೂಗು ಒರೆಸಿಕೊಂಡಿದ್ದನ್ನು ನೋಡಿಯೂ ನೆಗಡಿ ಅಂದುಕೊಂಡೆ. ನನ್ನ ಬುದ್ಧಿ ಅಷ್ಟೇ ನೋಡಿ! ಅವಳ ತಾಯಿ ಜೈಪುರದಲ್ಲಿ ಮಗನ ಮನೆಯಲ್ಲಿದ್ದಾರೆ, ಇನ್ನು ಎರಡು ವಾರಕ್ಕೆ ಅವರಿಗೆ ಹೃದಯದ ಆಪರೇಷನ್ನು ಎಂಬುದು ನನಗೆ ಗೊತ್ತಿದ್ದ ಸಂಗತಿ. ದಾರ ಹಿಡಿದ ಉತ್ಸಾಹದಲ್ಲಿ ಅದನ್ನು ಕೇಳುವುದೇ ಮರೆತುಹೋಯಿತು.

ಊಟಕ್ಕೆ ಕೂತಾಗ ನಡುಗೋಡೆಯ ಆಚೆಯಿಂದ “ಶುಭಾ... ಏ ಶುಭಾ...” ಎಂಬ ಕೂಗು ಕೇಳಿತು. ಅವಳ ಅತ್ತೆ. ಎರಡು ವರ್ಷದಿಂದ ಅಜ್ಜಿಗೆ ನೆನಪು ಹೋಗಿದೆ. ಮಗ ರೈಲಿನ ಕೆಲಸದವನು, ಎರಡು ದಿನ ಊರಲ್ಲಿದ್ದರೆ ಮೂರು ದಿನ ಇರುವುದಿಲ್ಲ. ಇದ್ದಾಗಲೂ ಅವನನ್ನು ಯಾರೋ ನೆಂಟರು ಎಂದುಕೊಂಡು “ಕೂತ್ಕಳಿ” ಅನ್ನುತ್ತಾರಂತೆ. ತುತ್ತು ಬಾಯಿಗೆ ಹೋಗಬೇಕಾದರೆ ಶುಭಾಳ ಕೈಯೇ ಆಗಬೇಕು. ಬೇರೆ ಯಾರು ಕೊಟ್ಟರೂ ಹಲ್ಲು ಕಚ್ಚಿ ಕೂರುತ್ತಾರೆ. ಮನೆಗೆಲಸದವಳು ಪ್ರಯತ್ನಪಟ್ಟು ಸೋತಿದ್ದಾಳೆ. ಬೆಳಗ್ಗೆ ಹೋಗಿ ಸಾಯಂಕಾಲಕ್ಕೆ ಬರಬಹುದಾ ಎಂದು ಶುಭಾ ಯಾಕೆ ಕೇಳಿದಳೆಂದು ನನಗೆ ಆಗ ಹೊಳೆಯಿತು. ಸಾರು ಅಲ್ಲೇ ಉಳಿಯಿತು.

ಯಾಕೆಂದರೆ ಇಂಥದೇ ಪ್ರಶ್ನೆಗೆ ಇಂಥದೇ ಉತ್ತರವನ್ನು ನಾನು ಇನ್ನೊಬ್ಬ ಹೆಂಗಸಿಗೆ ಹಿಂದೊಮ್ಮೆ ಕೊಟ್ಟಿದ್ದೆ. ಆಗಲೂ ಲೆಕ್ಕ ಸರಿಯಾಗಿತ್ತು. ಆಗಲೂ ಅದು ಶುದ್ಧ ಸುಳ್ಳಾಗಿತ್ತು.

ನಮ್ಮ ಹಗರೆ ಅತ್ತೆಯ ವಿಷಯ ನಿಮಗೆ ಹೇಳಬೇಕು. ಹಗರೆ ಎಂದರೆ ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆಯಲ್ಲಿ ಸಿಗುವ ಊರು. ಬೇಲೂರು ನೋಡಲು ಹೋಗುವವರು ಕಿಟಕಿ ಪಕ್ಕ ಕೂತು ಒಂದು ತೂಕಡಿಕೆ ಮುಗಿಸುವಷ್ಟರಲ್ಲಿ ಅದು ಹಿಂದೆ ಹೋಗಿರುತ್ತದೆ. ಅತ್ತೆ ನನ್ನ ಅಪ್ಪನ ಕೊನೆಯ ತಂಗಿ, ಹೆಸರು ಪುಟ್ಟಲಕ್ಷ್ಮಿ, ನನಗಿಂತ ಎಂಟೇ ವರ್ಷಕ್ಕೆ ದೊಡ್ಡವಳು. ಚಿಕ್ಕಂದಿನಲ್ಲಿ ನನ್ನ ಜಡೆ ಹೆಣೆದವಳು ಅವಳೇ, ಜಡೆ ಹಿಡಿದು ಎಳೆದವಳೂ ಅವಳೇ. ಹಗರೆಗೆ ಮದುವೆಯಾಗಿ ಹೋದ ಮೇಲೆ ಅವಳ ಕೊಟ್ಟಿಗೆಯಲ್ಲಿ ಹಸುಗಳಿಲ್ಲದ ದಿನವೇ ಇರಲಿಲ್ಲ. ಬೆಳಗಿನ ಜಾವ ಐದಕ್ಕೆ ಹಾಲು ಕರೆದು ಡೈರಿಗೆ ಹಾಕಬೇಕು, ಸಂಜೆ ಐದಕ್ಕೆ ಮತ್ತೆ ಕರೆದು ಡೈರಿಗೆ ಹಾಕಬೇಕು. ಈ ಎರಡು ಹಾಲಿನ ನಡುವೆ ಎಲ್ಲಿಗೆ ಹೋಗಿ ಬರಲು ಆಗುತ್ತದೋ ಅದೇ ಅತ್ತೆಯ ಪ್ರಪಂಚ.

ಆ ಪ್ರಪಂಚದ ಗಡಿಗಳು ನನಗೆ ಬಾಯಿಪಾಠ. ಒಂದು ಕಡೆ ಬೇಲೂರು, ಒಂದು ಕಡೆ ಹಾಸನ, ಇನ್ನೊಂದು ಕಡೆ ಹಳೇಬೀಡಿನಲ್ಲಿ ಬಸ್ಸು ಬದಲಾಯಿಸಿದರೆ ಅರಸೀಕೆರೆ. ನಮ್ಮ ಮನೆ ಆ ಗಡಿಯ ಅಂಚಿನಲ್ಲಿತ್ತು. ಅತ್ತೆ ಬಂದರೆ ಒಂದು ಕಾಲು ಹೊಸ್ತಿಲ ಒಳಗೆ, ಇನ್ನೊಂದು ಹೊರಗೆ. ಅಮ್ಮ ಕಾಫಿ ಕೊಟ್ಟರೆ ಆರಿಸಿಕೊಳ್ಳುವ ವ್ಯವಧಾನವಿಲ್ಲ, ನಾಲಿಗೆ ಸುಟ್ಟುಕೊಂಡೇ ಕುಡಿದು, “ಬತ್ತೀನಿ ಅತ್ಗೆಮ್ಮ, ಹಾಲಿನ ಹೊತ್ತಾಯ್ತದೆ” ಎಂದು ಎದ್ದುಬಿಡುತ್ತಿದ್ದಳು. ಒಂದು ಸಲ ರಜೆಯಲ್ಲಿ ನನ್ನನ್ನು ಬೇಲೂರು ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದಳು. ದೇವರಿಗೆ ಕೈಮುಗಿದು ಗುಡಿಯ ಅರ್ಧ ಸುತ್ತು ಬರುವಷ್ಟರಲ್ಲಿ ಬಿಸಿಲು ನೋಡಿ, “ಮಿಕ್ಕಿದ್ದು ಇನ್ನೊಂದು ಕಿತ ನೋಡಾಣ” ಎಂದು ನನ್ನ ರಟ್ಟೆ ಹಿಡಿದು ಬಸ್ಸಿಗೆ ಎಳೆದಳು. ಎಲ್ಲೆಲ್ಲಿಂದಲೋ ಜನ ಬಂದು ಆ ಗೋಡೆಗಳ ಮುಂದೆ ಗಂಟೆಗಟ್ಟಲೆ ನಿಲ್ಲುತ್ತಾರೆ. ಬಸ್ಸಿನಲ್ಲಿ ಅರ್ಧ ಗಂಟೆಯ ದೂರದಲ್ಲಿದ್ದ ನಮ್ಮತ್ತೆ ಮಾತ್ರ ವರ್ಷಗಟ್ಟಲೆ ಅರ್ಧ ದೇವಸ್ಥಾನದಲ್ಲೇ ಭಕ್ತಿ ಪೂರೈಸಿದಳು.

ನಗುತ್ತಿದ್ದೀರಿ. ನಾನೂ ನಗುತ್ತಿದ್ದೆ. ಆದರೆ ಸವಿತಾ ನಗುತ್ತಿರಲಿಲ್ಲ.

ಸವಿತಾ ಅತ್ತೆಯ ಒಬ್ಬಳೇ ಮಗಳು, ಮದುವೆಯಾಗಿ ಎಷ್ಟೋ ವರ್ಷಕ್ಕೆ ಹುಟ್ಟಿದವಳು. ಆ ಹಸುಗಳ ಹಾಲಿನಲ್ಲೇ ಅವಳು ಎಂ.ಎಸ್ಸಿ.ವರೆಗೆ ಓದಿದ್ದು. ಅದು ಅವಳಿಗೂ ಗೊತ್ತು. ಆದರೂ ಶಾಲೆಯ ನಾಟಕಕ್ಕೆ ಅಮ್ಮ ಬರಲಿಲ್ಲ, ಸಂಜೆ ಹಾಲು. ಮೈಸೂರಿನಲ್ಲಿ ಪದವಿ ಕೊಟ್ಟ ದಿನ ಅಮ್ಮ ಬರಲಿಲ್ಲ, ಎರಡು ಹಾಲಿನ ನಡುವೆ ಮುಗಿಯುವ ದೂರವಲ್ಲ. ಮದುವೆಯನ್ನು ಹಗರೆಯ ಮನೆ ಮುಂದೆಯೇ ಚಪ್ಪರ ಹಾಕಿಸಿ ಮಾಡಿದರು. ಧಾರೆ ಬೆಳಗ್ಗೆ ಇತ್ತು, ಅತ್ತೆ ನಿಂತು ಅತ್ತು ನಡೆಸಿಕೊಟ್ಟಳು. ಸಂಜೆ ಆರತಕ್ಷತೆಗೆ ಫೋಟೋದವನು ಎಲ್ಲರನ್ನೂ ನಿಲ್ಲಿಸುವ ಹೊತ್ತಿಗೆ ಅತ್ತೆ ರೇಷ್ಮೆ ಸೀರೆ ಬಿಚ್ಚಿಟ್ಟು ಕೊಟ್ಟಿಗೆಗೆ ಹೋಗಿದ್ದಳು. ಸವಿತಾ ಆಮೇಲೆ ನನ್ನ ಹತ್ತಿರ ಆ ಆಲ್ಬಂ ತೋರಿಸಿ, “ನೋಡಕ್ಕ, ಬೆಳಗ್ಗೆ ನಂಗೆ ಅಮ್ಮ ಇದಾಳೆ. ಸಾಯಂಕಾಲ ಇಲ್ಲ” ಎಂದಿದ್ದಳು. ತಮಾಷೆಯ ದನಿಯಲ್ಲೇ ಹೇಳಿದಳು.

ಗಂಡ ಹೆಂಡತಿ ಇಬ್ಬರಿಗೂ ಭುವನೇಶ್ವರದ ಒಂದು ಕಾಲೇಜಿನಲ್ಲಿ ಕೆಲಸವಾಗಿ ಅಲ್ಲಿಗೆ ಹೋದರು. ಹೊಸ ಮನೆಯ ಗೃಹಪ್ರವೇಶಕ್ಕೆ ಕರೆದಾಗಲೂ ಅತ್ತೆ ಹೋಗಲಿಲ್ಲ. ಆಗ ಕೆಂಪಿ ಎಂಬ ಹಸು ಬಂದಿತ್ತು. ಕೆಂಪಿ ಎಂದರೆ ಮಹಾ ಒರಟು. ಅತ್ತೆಯ ಕೈ ಬಿಟ್ಟು ಬೇರೆ ಕೈ ಕೆಚ್ಚಲಿಗೆ ತಾಗಿದರೆ ಬಕೆಟ್ಟೂ ಮನುಷ್ಯನೂ ಒಟ್ಟಿಗೆ ಹಾರಬೇಕು. ಕರೆಯದೆ ಬಿಟ್ಟರೆ ಹಾಲು ಕಟ್ಟಿ ಕೆಚ್ಚಲು ಬಾತುಕೊಳ್ಳುತ್ತದೆ, ಮೂಕಪ್ರಾಣಿ ನರಳುತ್ತದೆ. ಅತ್ತೆಗೂ ಹಠವಿರಲಿಲ್ಲ ನೋಡಿ, ನಿಜವಾದ ಕಷ್ಟವೇ ಇತ್ತು. “ನಿಂಗೆ ನನಗಿಂತ ಹಸುವೇ ಹೆಚ್ಚು ಕಣಮ್ಮ” ಎಂದಳು ಸವಿತಾ. ಅವತ್ತಿನಿಂದ ಅವಳು ಕರೆಯುವುದನ್ನೇ ನಿಲ್ಲಿಸಿದಳು.

ಕೆಲವು ವರ್ಷಗಳ ಹಿಂದೆ, ದಸರಾ ರಜೆ ಹತ್ತಿರವಾಗುತ್ತಿದ್ದ ಕಾಲ, ಸವಿತಾಳ ಫೋನು ಬಂತು. ಅವಳಿಗೆ ಏಳು ತಿಂಗಳು. ಹೆರಿಗೆಗೆ ತವರಿಗೆ ಬರುವ ಮಾತಾಗಿತ್ತು. ಈಗ ಡಾಕ್ಟರು ಹಾಸಿಗೆ ಬಿಟ್ಟು ಏಳಕೂಡದು, ಪ್ರಯಾಣವಂತೂ ಆಗುವುದೇ ಇಲ್ಲ ಎಂದಿದ್ದರು. ಮಗು ಉಳಿಯುವುದೇ ಅನುಮಾನ ಎಂಬಂತೆ ಏನೋ ಹೇಳಿ ಹೆದರಿಸಿದ್ದರು. “ಅಮ್ಮನಿಗೆ ಹೇಳ್ಬೇಡ ಅಕ್ಕ. ಹೇಳಿದ್ರೆ ಬರಕ್ಕಾಗಲ್ಲ ಅಂತಾಳೆ. ಅದನ್ನ ಕೇಳೋ ಶಕ್ತಿ ಈಗ ನಂಗಿಲ್ಲ” ಎಂದು ಅತ್ತಳು. ಅವಳು ಅಪ್ಪನಿಗೆ ಮಾತ್ರ ಹೇಳಿದ್ದಳಂತೆ.

ನಾನು ಮಾರನೇ ಭಾನುವಾರವೇ ಹಗರೆಗೆ ಹೋದೆ. ಅತ್ತೆ ಒಲೆ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ವಿಷಯ ಹೇಳಿದೆ. ರೊಟ್ಟಿ ಹೆಂಚಿನ ಮೇಲೆ ಸೀದುಹೋಯಿತು, ಅವಳಿಗೆ ಗಮನವಿಲ್ಲ. ಆಮೇಲೆ ಕೇಳಿದಳು: “ಅಲ್ಲಿಗೆ ಎಷ್ಟು ದೂರವೇ?”

ಇಲ್ಲಿ ನೋಡಿ, ಭೂಗೋಳದ ಮೇಡಂ ಎದ್ದುಬಂದರು. “ದೂರ ಅಂತ ಯಾಕೆ ನೋಡ್ತೀಯ ಅತ್ತೆ, ಹೊತ್ತು ನೋಡು. ವಿಮಾನದಲ್ಲಿ ಎರಡು ಗಂಟೆ. ನೀನು ಹಗರೆಯಿಂದ ಅರಸೀಕೆರೆಗೆ ಬರೋಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು.”

“ಎಲ್ಡೇ ಗಂಟೆನಾ?” ಅತ್ತೆಯ ಮುಖ ಅರಳಿತು. “ನಿಮ್ಮನೆಗೆ ಬಂದು ಹೋದಂಗೇ ಆಯ್ತಲ್ಲೇ! ಬೆಳಿಗ್ಗೆ ಹಾಲಾಕಿ ಹೊಲ್ಟು, ಅವಳ ಮುಖ ನೋಡಿ, ಸಂಜೆ ಹಾಲಿಗೆ ಬಂದ್ಬುಡಬೋದು. ಹಾಸನದಾಗೇ ಹತ್ತೋದು ತಾನೆ?”

ಹಾಸನದ ಹತ್ತಿರ ವಿಮಾನ ನಿಲ್ದಾಣ ಬರುತ್ತದೆ ಎಂಬ ಮಾತು ನಮ್ಮ ಕಡೆ ಹಳೆಯದು. ಅತ್ತೆ ಮದುವೆಯಾಗಿ ಬಂದ ಕಾಲದಿಂದ ಕೇಳಿಸಿಕೊಂಡಿದ್ದಳು. ಇಷ್ಟು ವರ್ಷ ಕೇಳಿದ ಮೇಲೆ ಅದು ಆಗಿಯೇ ಇರಬೇಕು ಎಂದು ಅವಳ ಲೆಕ್ಕ. ನಮ್ಮ ಸೀಮೆಯವರು ಬಿಟ್ಟರೆ ಬೇರೆ ಯಾರಿಗೂ ಇಂಥ ತಪ್ಪು ಮಾಡಲು ಸಾಧ್ಯವಿಲ್ಲ. ಆಗಲೇ ತಿದ್ದಬೇಕಿತ್ತು. ವಿದ್ಯಾರ್ಥಿಗಳು ಗೋದಾವರಿಯನ್ನು ಒಂದು ಬೆರಳು ಕೆಳಗೆ ಬರೆದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ನಾನು, ಅವತ್ತು ಬಾಯಿ ಬಿಟ್ಟು ಹೇಳಿದ್ದು ಇಷ್ಟೇ: “ಮೊದಲು ಹಾಸನಕ್ಕೆ ಹೋಗಬೇಕು ಅತ್ತೆ.”

ಸುಳ್ಳಲ್ಲವಲ್ಲ! ಮೊದಲು ಹಾಸನಕ್ಕೇ ತಾನೆ ಹೋಗಬೇಕು? ಹೀಗೆ ನನ್ನನ್ನು ನಾನೇ ಸಮಾಧಾನಪಡಿಸಿಕೊಂಡು ಟಿಕೆಟ್ಟು ಮಾಡಿಸಿದೆ. ಅತ್ತೆಯದು ಹೋಗುವುದಕ್ಕೆ ಮಾತ್ರ.

ಹೊರಡುವ ದಿನ ಅತ್ತೆ ಹಾಲು ಹಾಕಿ ಬಂದು ಕೈಕಾಲು ತೊಳೆದು, ಮೆಂತ್ಯದ ಹಿಟ್ಟು, ತುಪ್ಪ, ಒಂದು ಮೊಳ ಮಲ್ಲಿಗೆ, ಇಷ್ಟನ್ನು ವೈರ್ ಬುಟ್ಟಿಯಲ್ಲಿಟ್ಟುಕೊಂಡು ಸಿದ್ಧಳಾದಳು. ಬೇರೆ ಸೀರೆ ಕೂಡ ಇಲ್ಲ. ಸಂಜೆಗೆ ಬರುವವಳಿಗೆ ಸೀರೆ ಯಾಕೆ? ಅವಳು ಕೆಂಪಿಯ ಕತ್ತು ತುರಿಸಿ ಮಾತು ಹೇಳುತ್ತಿದ್ದಾಗ ಮಾವ ನನ್ನ ಹತ್ತಿರ ಬಂದರು. ಮಾವ ಮಾತು ಕಡಿಮೆಯ ಮನುಷ್ಯ. ಗದ್ದೆ ಆಯಿತು, ಬೀಡಿ ಆಯಿತು. ಹಾಲಿನ ಕೆಲಸ ಹೆಂಗಸರದ್ದು ಎಂದು ಕೊಟ್ಟಿಗೆಯೊಳಗೆ ಸಗಣಿ ಬಾಚುವುದರಿಂದ ಮುಂದಕ್ಕೆ ಹೋದವರೇ ಅಲ್ಲ. ಕಂಕುಳಲ್ಲಿದ್ದ ಒಂದು ಬಟ್ಟೆಯ ಗಂಟನ್ನು ನನ್ನ ಕೈಗೆ ತುರುಕಿ, “ನಿನ್ನ ಬ್ಯಾಗಲ್ಲಿ ಮಡಿಕ್ಕೊ. ಅವಳ್ಗೆ ತೋರಿಸ್ಬ್ಯಾಡ” ಎಂದರು. ಆಮೇಲೆ ಬಿಚ್ಚಿ ನೋಡಿದರೆ ನಾಲ್ಕು ಸೀರೆ, ಅವಳ ಬಿ.ಪಿ. ಮಾತ್ರೆ ಎರಡು ತಿಂಗಳಿಗಾಗುವಷ್ಟು. ನಾನು ಒಬ್ಬಳೇ ಸುಳ್ಳಿ ಎಂದುಕೊಂಡಿದ್ದೆ. ಜೊತೆಗೆ ಇನ್ನೊಬ್ಬರಿದ್ದಾರೆ ಎಂದು ಗೊತ್ತಾಗಿ ಸ್ವಲ್ಪ ಧೈರ್ಯ ಬಂತು.

ಧೈರ್ಯ ಹಾಸನದ ಬಸ್ ನಿಲ್ದಾಣದವರೆಗೆ ಇತ್ತು. ನಾನು ಬೆಂಗಳೂರು ಬಸ್ಸಿನ ಮುಂದೆ ಹೋಗಿ ನಿಂತಾಗ ಅತ್ತೆ ಬೋರ್ಡು ಓದಿದಳು. ಓದು ಬರುವವಳು.

“ಇದ್ಯಾಕೆ ಬೆಂಗ್ಳೂರು ಬಸ್ಸು?”

ಹೇಳಿದೆ. ಬೆಂಗಳೂರಿಗೆ ನಾಲ್ಕು ಗಂಟೆ, ಅಲ್ಲಿಂದ ಊರಾಚೆಯ ವಿಮಾನ ನಿಲ್ದಾಣಕ್ಕೆ ಇನ್ನಷ್ಟು ಹೊತ್ತು, ಅಲ್ಲಿ ಕಾಯುವುದು ಎಷ್ಟೋ ಹೊತ್ತು, ಆಮೇಲೆ ಆ ಎರಡು ಗಂಟೆ. ಒಂದೊಂದು ಹೇಳಿದ ಹಾಗೂ ಅವಳ ಮುಖ ಕಲ್ಲಾಗುತ್ತ ಹೋಯಿತು.

“ಮಕ್ಕಳಿಗೆ ಪಾಠ ಹೇಳೋಳು ನೀನು” ಎಂದಳು. “ಥೂ, ನಿನ್ನ!”

ಸುತ್ತ ಜನ. ನನಗೆ ಅಲ್ಲೇ ನೆಲ ಬಿರಿದರೆ ಸಾಕಾಗಿತ್ತು. “ಅತ್ತೆ, ಸವಿತಾ ಅಳ್ತಿದ್ಲು” ಎಂದೆ. “ನಂಗೇನ್ ಕರುಳು ಇಲ್ವೇನೆ? ಅಲ್ಲಿ ಕೆಂಪಿ ಬಾತ್ಕಂಡು ಬಿದ್ರೆ ಯಾರೇ ನೋಡೋರು?” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಮಗಳನ್ನೂ ಬಿಡಲಾರದೆ ಹಸುವನ್ನೂ ಬಿಡಲಾರದೆ ಆ ಹೆಂಗಸು ಬುಟ್ಟಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ನಿಂತಿದ್ದಳು. ಪಕ್ಕದಲ್ಲೇ ಬೇಲೂರು ಬಸ್ಸು ಹೊರಡಲು ನಿಂತಿತ್ತು. ಹತ್ತಿದರೆ ಮುಕ್ಕಾಲು ಗಂಟೆಯಲ್ಲಿ ಹಗರೆ. ಅವಳು ಆ ಕಡೆ ಎರಡು ಹೆಜ್ಜೆ ಇಟ್ಟೂ ಆಗಿತ್ತು. ಮನೆಗೆ ತಿಳಿಸಬೇಕೆಂದು ಫೋನು ತೆಗೆದಳು. ಅತ್ತೆ ಫೋನನ್ನು ಕನ್ನಡಿ ಹಿಡಿದ ಹಾಗೆ ಮುಖದ ಮುಂದೆ ಹಿಡಿದು ಮಾತಾಡುತ್ತಾಳೆ, ಹಾಗಾಗಿ ಇಬ್ಬರ ಮಾತೂ ಊರಿಗೆಲ್ಲ ಕೇಳುತ್ತದೆ.

“ರೀ, ಇವ್ಳು ಮೋಸ ಮಾಡವ್ಳೆ ಕಣ್ರೀ. ವಿಮಾನ ಇರೋದು ಬೆಂಗ್ಳೂರಲ್ಲಂತೆ. ಸಂಜೆ ಹಾಲಿಗೆ ಆಗಾಕಿಲ್ಲ. ವಾಪಸ್ ಬತ್ತೀನಿ.”

“ಬರಬ್ಯಾಡ.”

“ಏನಂದ್ರಿ? ಕೆಂಪಿ ಹಾಲ್ ಯಾರ್ ಕರೀತಾರೆ?”

“ನಾನು ಕರೀತೀನಿ.”

“ನೀವಾ? ಒದ್ದು ಗ್ವಾಡೆಗೆ ಎಸೀತಾಳೆ!”

“ಎಸಿಯಾಕಿಲ್ಲ” ಎಂದರು ಮಾವ. ಸ್ವಲ್ಪ ತಡೆದು, “ಇಪ್ಪತ್ತು ದಿನದಿಂದ ಗ್ವಾಡೆಗಂತೂ ಎಸೆದಿಲ್ಲ” ಎಂದರು.

ಅತ್ತೆ ಫೋನನ್ನು ಇನ್ನಷ್ಟು ಹತ್ತಿರ ತಂದು ಅದರೊಳಗೆ ಇಣುಕುವಂತೆ ನೋಡಿದಳು. ಆ ಕಡೆಯಿಂದ ಮಾವ, “ಮಗಳು ಕಾಯ್ತಾವ್ಳೆ. ಬಸ್ ಹತ್ತು” ಎಂದು ಇಟ್ಟುಬಿಟ್ಟರು. ಬೇಲೂರು ಬಸ್ಸು ಹೊರಟುಹೋಯಿತು. ಅತ್ತೆ ನನ್ನ ಮುಖ ನೋಡದೆ ಬೆಂಗಳೂರು ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಳು. ಚನ್ನರಾಯಪಟ್ಟಣ ಮುಟ್ಟುವವರೆಗೂ ನನ್ನೊಡನೆ ಮಾತಿಲ್ಲ. ಅಲ್ಲಿ ಬಾಳೆಹಣ್ಣು ಕೊಂಡು ಒಂದನ್ನು ಸುಲಿದು ನನ್ನ ಕೈಗೆ ಕೊಟ್ಟಾಗ ಕ್ಷಮಿಸಿದಳೆಂದು ತಿಳಿದುಕೊಂಡೆ.

ವಿಮಾನದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಅದು ಕಾಗದದಲ್ಲಿ ಬರೆದಷ್ಟೇ ಹೊತ್ತು ತೆಗೆದುಕೊಂಡಿತು. ಏರುವಾಗ ನಾನು ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದೆ. 'ಮೋಡಗಳ ವಿಧಗಳು' ಪಾಠವನ್ನು ಅಷ್ಟು ವರ್ಷ ಮಾಡಿದವಳಿಗೆ ಒಂದು ಮೋಡ ನೋಡುವ ಧೈರ್ಯ ಬರಲಿಲ್ಲ. ಅತ್ತೆ ಮಾತ್ರ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು. ಐದು ಗಂಟೆ ಆಯಿತಾ ಎಂದು ಕೇಳಿದಳು. ಆಯಿತು ಎಂದೆ. ಅವಳ ಎರಡೂ ಕೈಬೆರಳು ಮಡಿಲಲ್ಲಿ ತಾವಾಗಿಯೇ ಮಡಿಸಿ ಬಿಚ್ಚಿ ಮಾಡುತ್ತಿದ್ದವು. ನಾನು ಆ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

ಸವಿತಾಳ ಮನೆಯ ಬಾಗಿಲು ತೆಗೆದದ್ದು ಅಳಿಯ. ಅವನಿಗೆ ಮಾತ್ರ ಮುಂಚೆಯೇ ಹೇಳಿದ್ದೆ. ಒಳಗೆ ಮಂಚದ ಮೇಲೆ ಎಡಕ್ಕೆ ತಿರುಗಿ ಮಲಗಿದ್ದ ಸವಿತಾ ಅಮ್ಮನನ್ನು ನೋಡಿದಳು. ನಂಬಲಿಲ್ಲ, ಮತ್ತೆ ನೋಡಿದಳು. ಅವಳ ಬಾಯಿಂದ ಮೊದಲು ಬಂದ ಮಾತು, ಪಾಪ, ಅಭ್ಯಾಸಬಲದ ಮಾತು: “ಯಾವಾಗ ವಾಪಸ್ಸಮ್ಮ?”

“ನೀನು ಕಳಿಸ್ದಾಗ” ಎಂದಳು ಅತ್ತೆ. ಮಂಚದ ಅಂಚಿನಲ್ಲಿ ಕೂತು ಮಗಳ ಬಾತ ಪಾದಗಳನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ನೀವತೊಡಗಿದಳು. ಸವಿತಾ ಹತ್ತು ವರ್ಷದ ಹುಡುಗಿಯ ಹಾಗೆ ಬಿಕ್ಕಿದಳು. ನಾನೂ ಅಳಿಯನೂ ಅಡಿಗೆಮನೆಗೆ ಹೋಗಿ ಬೇಡದಿದ್ದರೂ ಕಾಫಿ ಮಾಡಿದೆವು.

ನಾಲ್ಕು ದಿನವಿದ್ದು ನಾನೊಬ್ಬಳೇ ವಾಪಸು ಬಂದೆ. ಮಾವನಿಗೆ ವಿಷಯ ತಿಳಿಸಬೇಕಲ್ಲ, ಹಾಸನದಿಂದ ನೇರ ಹಗರೆಗೇ ಹೋದೆ. ಸಂಜೆ ಐದರ ಹೊತ್ತು. ಬೀದಿಬಾಗಿಲು ತೆರೆದಿತ್ತು, ಒಳಗೆ ಯಾರೂ ಇಲ್ಲ. ಹಿತ್ತಲಿಗೆ ಹೋಗಿ ಕೊಟ್ಟಿಗೆಯಲ್ಲಿ ಇಣುಕಿದೆ. ಕೆಂಪಿಯ ಪಕ್ಕದಲ್ಲಿ ಅತ್ತೆ ಕುಕ್ಕರುಗಾಲಲ್ಲಿ ಕೂತಿದ್ದಾಳೆ! ಕೊಟ್ಟಿಗೆಗೆ ಉಡುವ ಅದೇ ಮಾಸಿದ ಹಸಿರು ಸೀರೆ, ತಲೆತುಂಬ ಸೆರಗು, ಬಕೆಟ್ಟಿನಲ್ಲಿ ಸೊರ್ ಸೊರ್ ಎಂದು ಹಾಲಿನ ಸದ್ದು. ನಾನು ಬಿಟ್ಟುಬಂದವಳು ನನಗಿಂತ ಮುಂಚೆ ಹೇಗೆ ಬಂದಳು?

“ಅತ್ತೆ?” ಎಂದೆ.

ಸೆರಗು ತಿರುಗಿತು. ಒಳಗೆ ದಪ್ಪ ಬಿಳಿ ಮೀಸೆ.

“ಶ್... ಮಾತಾಡ್ಬ್ಯಾಡ. ಗುರುತು ಹಿಡಿದುಬುಡ್ತಾಳೆ” ಎಂದರು ಮಾವ ಪಿಸುಮಾತಿನಲ್ಲಿ. ಮತ್ತೆ ಹಾಲು ಕರೆಯತೊಡಗಿದರು.

ಹಸು ಸಾಕಿದವರಿಗೆ ಇದು ಗೊತ್ತು. ಕರೆಯುವವರು ಬದಲಾಗಬೇಕಾದರೆ ಹಳಬರು ಉಟ್ಟು ಬಿಟ್ಟ ಬಟ್ಟೆಯನ್ನು ಒಗೆಯದೆ ಹೊಸಬರು ಸುತ್ತಿಕೊಂಡು ಕೂರುತ್ತಾರೆ. ಹಸು ಕಣ್ಣಿಗಿಂತ ಮೂಗನ್ನು ನಂಬುತ್ತದೆ. ಆದರೆ ಒಂದೇ ದಿನಕ್ಕೆ ನಂಬುವುದಿಲ್ಲ, ಕೆಂಪಿಯಂಥವಳು ಮೊದಲೇ ಇಲ್ಲ. ಬಕೆಟ್ಟು ತುಂಬಿದ ಮೇಲೆ ಮಾವ ಸೀರೆ ಬಿಚ್ಚಿ ಗೂಟಕ್ಕೆ ಹಾಕಿ, ಪಂಚೆ ಸರಿಮಾಡಿಕೊಂಡು, ಜಗಲಿಯ ಮೇಲೆ ಕೂತು ಕಥೆ ಹೇಳಿದರು. ಮಗಳು ಫೋನಿನಲ್ಲಿ ಅತ್ತ ಮಾರನೇ ದಿನದಿಂದಲೇ ಶುರುಮಾಡಿದ್ದರಂತೆ. ಮಧ್ಯಾಹ್ನ ಅತ್ತೆ ಸಂಘದ ಮೀಟಿಂಗಿಗೋ ಒಂದು ಗಳಿಗೆ ಮಲಗಲೋ ಹೋದಾಗ ಅವಳ ಸೀರೆ ಸುತ್ತಿಕೊಂಡು ಕೆಂಪಿಯ ಪಕ್ಕ ಸುಮ್ಮನೆ ಕೂರುವುದು. ಮೊದಲ ದಿನ ತೊಡೆಗೆ ಒಂದು ಒದೆ. ಎರಡನೇ ದಿನವೂ ಒದೆ. ಆರನೇ ದಿನ ಕೆಚ್ಚಲಿಗೆ ಕೈ ಇಡಲು ಬಿಟ್ಟಳು. ಹತ್ತನೇ ದಿನ ನಾಲ್ಕು ಧಾರೆ ಕೊಟ್ಟಳು. ಪಂಚೆ ಎತ್ತಿ ತೋರಿಸಿದರು. ಮೊಳಕಾಲ ಮೇಲೆ ಹಳದಿಗೆ ತಿರುಗಿದ ಗಾಯದ ಕಲೆ ಇನ್ನೂ ಇತ್ತು.

“ಅತ್ತೆ ಹೋಗ್ತಾರೆ ಅಂತ ನಿಮಗೆ ಯಾರು ಹೇಳಿದ್ರು ಮಾವ? ಆಗ ಇನ್ನೂ ನನಗೇ ಗೊತ್ತಿರಲಿಲ್ಲ.”

“ಯಾರೂ ಏಳ್ಲಿಲ್ಲ” ಎಂದರು. “ಒಂದಿನ ಓಗ್ಲೇಬೇಕಲ್ಲವ್ವ. ಆ ದಿನ ಬಂದ್ಮ್ಯಾಕೆ ಕಲಿಯಾಕೆ ಆಯ್ತದಾ?” ಬೀಡಿ ಹಚ್ಚಿ, ಸ್ವಲ್ಪ ನಾಚಿಕೊಂಡು, “ಊರಲ್ಲಿ ಯಾರ್ಗೂ ಏಳ್ಬ್ಯಾಡ” ಎಂದೂ ಸೇರಿಸಿದರು.

ನಾನು ಹೇಳುವ ಅಗತ್ಯವೇನಿತ್ತು! ಅವರ ಜೊತೆ ಡೈರಿಗೆ ಹೋದರೆ ಕ್ಯಾನು ಹಿಡಿದು ನಿಂತಿದ್ದ ಒಬ್ಬ, “ಏನ್ಲಾ, ಇವತ್ತು ಸೀರೆ ಬಿಚ್ಚಾಕಿ ಬಂದೆ?” ಎಂದ. ಎಲ್ಲರೂ ನಕ್ಕರು. ಮಾವ ತಲೆ ಎತ್ತದೆ ಹಾಲು ಅಳೆಸಿ, “ನಿನ್ನ ಹೆಂಡ್ರು ಊರಿಗೋದಾಗ ನಿಂಗೂ ಕೊಡ್ತೀನಿ ಬಾರ್ಲಾ” ಎಂದರು.

ಅತ್ತೆ ಅಲ್ಲಿ ನಾಲ್ಕು ತಿಂಗಳಿದ್ದಳು. ಹೆಣ್ಣುಮಗು ಹುಟ್ಟಿತು, ದಿನ ತುಂಬುವ ಮೊದಲೇ ಹುಟ್ಟಿದರೂ ಬದುಕಿತು, ಈಗ ಶಾಲೆಗೆ ಹೋಗುತ್ತದೆ. ಅತ್ತೆ ಇವತ್ತಿಗೂ ಹಗರೆಯಲ್ಲಿ ಹಾಲು ಹಾಕುತ್ತಾಳೆ, ವರ್ಷಕ್ಕೊಂದು ಸಲ ಮಗಳ ಮನೆಗೂ ಹೋಗುತ್ತಾಳೆ. ಆ ಮಗುವನ್ನು ನೋಡಿದಾಗಲೆಲ್ಲ ನನಗೆ ದೇವರು, ಡಾಕ್ಟರು, ವಿಮಾನ ಎಲ್ಲರೂ ನೆನಪಾಗುತ್ತಾರೆ. ಆದರೆ ಎಲ್ಲರಿಗಿಂತ ಮೊದಲು ನೆನಪಾಗುವುದು ಮಾವ. ಮಧ್ಯಾಹ್ನದ ಬಿಸಿಲಲ್ಲಿ, ಯಾರೂ ಕೇಳದೆ, ಹೆಂಡತಿಯ ಸೀರೆ ಸುತ್ತಿಕೊಂಡು ಒದೆ ತಿಂದ ಮಾವ. ಹಗರೆಯಿಂದ ಭುವನೇಶ್ವರಕ್ಕೆ ಎಷ್ಟು ಹೊತ್ತು ಎಂದು ಯಾರಾದರೂ ನನ್ನನ್ನು ಸರಿಯಾಗಿ ಕೇಳಿದರೆ, ಎರಡು ಗಂಟೆ ಅಲ್ಲ, ಇಪ್ಪತ್ತು ದಿನ ಎಂದು ಹೇಳಬೇಕು. ಅವರಿಗೆ ಎದುರಿಗೆ ಕೂತು ಒಂದು ಕೃತಜ್ಞತೆಯ ಮಾತು ನಾನು ಹೇಳಿಲ್ಲ. ಹೇಳಿದರೆ ಅವರು ಎದ್ದು ಗದ್ದೆಗೆ ಹೋಗಿಬಿಡುತ್ತಾರೆ.

ಇಷ್ಟೆಲ್ಲ ಗೊತ್ತಿದ್ದವಳು ಹೋದ ಸೋಮವಾರ ಶುಭಾಳಿಗೆ ದಾರ ಹಿಡಿದು ಗಂಟೆ ಲೆಕ್ಕ ಹೇಳಿ ಕಳಿಸಿದೆ! ಗೋಡೆಯಾಚೆಯ ಕೂಗು ಕೇಳುತ್ತ ಕೂತವಳಿಗೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಆಮೇಲೆ ನೆಪಗಳು ಬಂದವು. ನನಗೆ ಮಂಡಿನೋವು. ಮಧ್ಯಾಹ್ನದ ಧಾರಾವಾಹಿ ತಪ್ಪುತ್ತದೆ. ಇನ್ನೊಬ್ಬರ ಸಂಸಾರದಲ್ಲಿ ತಲೆ ಹಾಕುವುದು ಸರಿಯೇ? ಎಲ್ಲವೂ ಒಳ್ಳೆಯ ನೆಪಗಳೇ. ಒಂದು ದಿನ ಪೂರ್ತಿ ಅವನ್ನು ಇಟ್ಟುಕೊಂಡಿದ್ದೆ.

ಮಂಗಳವಾರ ಮಧ್ಯಾಹ್ನ ಅವರ ಮನೆಗೆ ಹೋಗಿ, “ಶುಭಾ, ಅನ್ನ ಕಲಸಿ ಇಲ್ಲಿ ಕೊಡು” ಎಂದೆ.

“ಬೇಡ ಮಿಸ್, ಅವರು ಬೇರೆಯವರ ಕೈಲಿ ತಿನ್ನಲ್ಲ.”

“ಗೊತ್ತು. ಎರಡು ವಾರ ಇದೆಯಲ್ಲ, ಕೊಡು.”

ಅವತ್ತು ಅಜ್ಜಿ ನನ್ನ ಕೈ ತಳ್ಳಿದ ರಭಸಕ್ಕೆ ಅನ್ನವೆಲ್ಲ ನನ್ನ ಮಡಿಲಿಗೆ ಬಿತ್ತು. “ನೀನ್ಯಾರೇ?” ಎಂದರು. “ಪಕ್ಕದ ಮನೆಯವಳು ಅಜ್ಜಿ.” “ನಂಗೆ ಪಕ್ಕದ ಮನೆಯೇ ಇಲ್ಲ” ಎಂದು ಗೋಡೆಗೆ ಮುಖ ಮಾಡಿದರು. ಬುಧವಾರ ಬಾಯಿಗಿಟ್ಟ ತುತ್ತನ್ನು ಉಗುಳಿದರು. ಗುರುವಾರ ತುತ್ತು ಹೋಗಲಿಲ್ಲ, ಆದರೆ ನನ್ನ ಬೆರಳು ಕಚ್ಚಲಿಲ್ಲ. ಶುಕ್ರವಾರ ಶುಭಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳದೊಂದು ತುತ್ತು, ನನ್ನದೊಂದು ತುತ್ತು ಮಾಡಿದೆ. ನನ್ನದು ಒಂದೇ ಹೋಯಿತು. ಶನಿವಾರವೂ ಹಾಗೇ, ಎರಡು ಹೋದವು.

ಇವತ್ತು ಶುಭಾಳನ್ನು ಅಡಿಗೆಮನೆಗೆ ಕಳಿಸಿ ನಾನೊಬ್ಬಳೇ ಕೂತೆ. ಅಜ್ಜಿ ಬಹಳ ಹೊತ್ತು ನನ್ನ ಮುಖ ನೋಡಿದರು. ಬಾಯಿ ತೆಗೆದರು. ಒಂದು, ಎರಡು, ಮೂರು... ಬಟ್ಟಲು ಅರ್ಧ ಖಾಲಿಯಾದ ಮೇಲೆ, “ಉಪ್ಪೇ ಇಲ್ಲ” ಎಂದು ಗದರಿಸಿದರು. “ನಾಳೆ ಹಾಕ್ತೀನಿ ಅಜ್ಜಿ” ಎಂದೆ. ಹಿಂದೆ ತಿರುಗಿದರೆ ಶುಭಾ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಸೌಟನ್ನು ಅಲ್ಲೇ ಕಿಟಕಿಯ ಮೇಲಿಟ್ಟು, ನಡುಮನೆಗೆ ಹೋದಳು. ಅವಳು ಫೋನು ಮಾಡುವುದು ಕೇಳಿಸಿತು.

“ಅಣ್ಣಾ, ನಾನು ಬರ್ತಿದೀನಿ... ಇಲ್ಲ ಕಣೋ, ಒಂದು ದಿನಕ್ಕಲ್ಲ. ಅಮ್ಮ ಎದ್ದು ಓಡಾಡೋವರೆಗೂ ಇರ್ತೀನಿ.”